ಮಾತ್ರೆ ನುಂಗುವ ಮುಂಚೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಿಗ್ಗೆ ನಡೆದ ವಿದ್ಯಾರ್ಥಿ–ಪೋಷಕರ ಗೋಷ್ಠಿಯಲ್ಲಿ, ಈ ಶಾಲೆಯ ಹಳೆಯ ವಿದ್ಯಾರ್ಥಿನಿಯೂ ಸರ್ಕಾರಿ ಆಸ್ಪತ್ರೆಯ ನಿವೃತ್ತ ಫಾರ್ಮಸಿಸ್ಟರೂ ಆದವರು ಮಾಡಿದ ಭಾಷಣ. ಕೊನೆಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಸೇರಿಸಲಾಗಿದೆ.)



ನಾನು 1981ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಆಮೇಲೆ ಫಾರ್ಮಸಿ ಓದಿ, ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿಯ ಹಿಂದೆ ಕೂತು ಸರ್ವೀಸು ಮುಗಿಸಿದೆ. ನಿಮ್ಮಲ್ಲಿ ಅನೇಕರಿಗೆ ನನ್ನ ಮುಖಕ್ಕಿಂತ ಆ ಕಿಟಕಿಯ ಕಬ್ಬಿಣದ ಸರಳೇ ಹೆಚ್ಚು ಪರಿಚಯ ಇರಬಹುದು. "ಶಾಲೆಯ ನೆನಪುಗಳ ಬಗ್ಗೆ ಮಾತಾಡಿ" ಅಂತ ಸಮಿತಿಯವರು ಕೇಳಿದ್ದರು. ಆ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಹತ್ತು ಜನ ಇದ್ದಾರೆ. ನನಗೆ ಗೊತ್ತಿರುವುದು ಮಾತ್ರೆಯ ವಿಷಯ. ಅದನ್ನೇ ಹೇಳುತ್ತೇನೆ ಅಂದೆ, ಒಪ್ಪಿಕೊಂಡರು.

ಮಕ್ಕಳೇ, ಒಂದು ಪ್ರಶ್ನೆ ಕೇಳುತ್ತೇನೆ. ಕಳೆದ ಒಂದು ತಿಂಗಳಲ್ಲಿ ಡಾಕ್ಟರನ್ನು ಕೇಳದೆ ಯಾವುದಾದರೂ ಮಾತ್ರೆ ನುಂಗಿದವರು ಕೈ ಎತ್ತಿ. ... ನೋಡಿ, ಮುಕ್ಕಾಲು ಪಾಲು ಕೈ ಮೇಲಿದೆ. ಹಿಂದೆ ಕೂತಿರುವ ದೊಡ್ಡವರಲ್ಲೂ ಕೆಲವರು ಎತ್ತಿದ್ದಾರೆ, ಸಂತೋಷ. ಯಾರನ್ನೂ ಬೈಯುವುದಕ್ಕೆ ಕೇಳಿದ್ದಲ್ಲ.

"ಏನಾದರೂ ಆದರೆ ಡಾಕ್ಟರ ಹತ್ತಿರ ಹೋಗಿ" ಅಂತ ವೇದಿಕೆ ಮೇಲೆ ನಿಂತು ಹೇಳುವುದು ಬಹಳ ಸುಲಭ. ನಮ್ಮೂರಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಮಗುವಿನ ಶಾಲೆ ತಪ್ಪುತ್ತದೆ, ಬಸ್ಸು ತಪ್ಪಿದರೆ ಆಟೋದವನಿಗೆ ಕೊಡಬೇಕು. ಒಂದು ಸಣ್ಣ ತಲೆನೋವಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ನಾನೂ ಮಾಡುವುದಿಲ್ಲ. ಸಣ್ಣಪುಟ್ಟದಕ್ಕೆ ಮನೆಯಲ್ಲೇ ನೋಡಿಕೊಳ್ಳುವುದು ತಪ್ಪಲ್ಲ. ಯಾವುದು ಸಣ್ಣದು, ಯಾವುದು ದೊಡ್ಡದು ಅಂತ ಗೊತ್ತಿಲ್ಲದಿರುವುದು, ಕೈಯಲ್ಲಿರುವ ಮಾತ್ರೆ ಏನು ಅಂತ ಗೊತ್ತಿಲ್ಲದೆ ನುಂಗುವುದು, ಇವೆರಡೇ ಅಪಾಯ. ಇವತ್ತಿನ ನನ್ನ ಮಾತೆಲ್ಲ ಅದರ ಮೇಲೆಯೇ.

ಮೊದಲು ಎಲ್ಲರ ಮನೆಯಲ್ಲೂ ಇರುವ ಮಾತ್ರೆ ತೆಗೆದುಕೊಳ್ಳೋಣ. ಪ್ಯಾರಾಸಿಟಮಾಲ್. ಕೆಲವರು ಕ್ರೋಸಿನ್ ಅನ್ನುತ್ತಾರೆ, ಕೆಲವರು ಕ್ಯಾಲ್ಪಾಲ್ ಅನ್ನುತ್ತಾರೆ. ಕೊರೋನಾ ಬಂದಮೇಲೆ ಎಲ್ಲರ ಬಾಯಲ್ಲೂ ಡೋಲೋ. ಹೆಸರು ಬೇರೆ ಬೇರೆ, ಒಳಗಿನ ವಸ್ತು ಒಂದೇ. ಸರಿಯಾಗಿ ಬಳಸಿದರೆ ಇದು ಒಳ್ಳೆಯ ಔಷಧಿ. ಆದರೆ ಇದರ ಪ್ರಮಾಣ ದೇಹದ ತೂಕದ ಮೇಲೆ ನಿಂತಿದೆ. ಮಕ್ಕಳಿಗೆ ಒಂದು ಸಲಕ್ಕೆ ಒಂದು ಕೆ.ಜಿ. ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎಂಟನೇ ತರಗತಿಯ ಹುಡುಗನ ತೂಕ 35 ಕೆ.ಜಿ. ಅಂದುಕೊಳ್ಳಿ. ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, ಲೆಕ್ಕ ಮಾಡಿ: 35ನ್ನು 15ರಿಂದ ಗುಣಿಸಿದರೆ 525. ಅಂದರೆ ಅವನಿಗೆ 500ರ ಒಂದು ಮಾತ್ರೆ ಸಾಕು. 650ರ ಮಾತ್ರೆ ಅವನ ಅಳತೆಯದ್ದಲ್ಲ, ಅವರಪ್ಪನ ಅಳತೆಯದ್ದು. ನಾವೇನು ಮಾಡುತ್ತೇವೆ? ಅಪ್ಪನಿಗೆ ತಂದ ಮಾತ್ರೆಯನ್ನೇ ಮಗನಿಗೂ ಕೊಡುತ್ತೇವೆ, ಜ್ವರ ಇಳಿಯಲಿಲ್ಲ ಅಂತ ಎರಡು ಗಂಟೆ ಬಿಟ್ಟು ಇನ್ನೊಂದು ಕೊಡುತ್ತೇವೆ. ಎರಡು ಮಾತ್ರೆಗಳ ನಡುವೆ ಕಡಿಮೆ ಅಂದರೂ ನಾಲ್ಕು ಗಂಟೆ, ಆರು ಗಂಟೆ ಆದರೆ ಇನ್ನೂ ಒಳ್ಳೆಯದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಲ್ಲ. ದೊಡ್ಡವರಿಗೂ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು.

"ಎಲ್ಲ ಸೇರಿ" ಅಂದೆನಲ್ಲ, ಆ ಮಾತನ್ನು ಹಿಡಿದುಕೊಳ್ಳಿ. ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಗಳನ್ನು ತಿರುಗಿಸಿ ನೋಡಿ. ಬಹಳಷ್ಟರಲ್ಲಿ ಮೂರು ಔಷಧಿ ಒಟ್ಟಿಗೆ ಇರುತ್ತವೆ, ಅದರಲ್ಲಿ ಒಂದು ಪ್ಯಾರಾಸಿಟಮಾಲ್. ಮೈಕೈ ನೋವಿನ ಮಾತ್ರೆಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು, ಮೈನೋವಿಗೊಂದು ಅಂತ ಮೂರು ಬಣ್ಣದ ಮಾತ್ರೆ ನುಂಗಿದ ಹುಡುಗಿ ಒಂದೇ ಔಷಧಿಯನ್ನು ಮೂರು ಸಲ ನುಂಗಿರುತ್ತಾಳೆ. ಹೆಚ್ಚಾದ ಪ್ಯಾರಾಸಿಟಮಾಲ್ ಹೊಡೆಯುವುದು ಯಕೃತ್ತನ್ನು. ಅದರ ಕೆಟ್ಟ ಗುಣ ಏನೆಂದರೆ ತಕ್ಷಣಕ್ಕೆ ತೋರಿಸಿಕೊಳ್ಳುವುದಿಲ್ಲ. ಮೊದಲ ದಿನ ವಾಕರಿಕೆ, ವಾಂತಿ. ಎರಡನೇ ದಿನ ಮಗು ಸುಧಾರಿಸಿಕೊಂಡ ಹಾಗೆ ಕಾಣುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮೂರನೇ ದಿನ ಕಣ್ಣು ಹಳದಿ ಆಗುತ್ತದೆ. ಇದಕ್ಕೆ ಪ್ರತಿಮದ್ದು ಇದೆ, ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಕೊಟ್ಟಾಗ. ಲೆಕ್ಕ ತಪ್ಪಿ ಹೆಚ್ಚು ನುಂಗಿದೆ ಅಂತ ಗೊತ್ತಾದರೆ, ಹೊಟ್ಟೆನೋವು ಬರಲಿ ನೋಡೋಣ ಅಂತ ಕಾಯಬೇಡಿ. ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ತಾಯಂದಿರೇ, ನೀವೂ ಆ ಹೊತ್ತಿನಲ್ಲಿ ಬೈಯಬೇಡಿ, ಅದಕ್ಕೆ ಆಮೇಲೆ ಬೇಕಾದಷ್ಟು ಸಮಯ ಇರುತ್ತದೆ.

ನೋವಿನ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವು ಪ್ಯಾರಾಸಿಟಮಾಲ್‌ನ ಅಣ್ಣತಮ್ಮಂದಿರಲ್ಲ, ಬೇರೆ ಮನೆತನ. ಹೊಟ್ಟೆಯ ಒಳಪದರವನ್ನು ಸುಡುತ್ತವೆ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತವೆ. ಮಳೆಗಾಲ ಶುರುವಾದರೆ ನಮ್ಮ ಕಡೆ ಡೆಂಗಿ ಬರುತ್ತದೆ. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್ ಮೊದಲೇ ಇಳಿಯುತ್ತಿರುತ್ತದೆ, ಅದರ ಮೇಲೆ ಈ ಮಾತ್ರೆ ಹಾಕಿದರೆ ರಕ್ತಸ್ರಾವಕ್ಕೆ ಬಾಗಿಲು ತೆರೆದ ಹಾಗೆ. ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಕರೆತಂದಿದ್ದರು. ಮೂರು ದಿನದ ಜ್ವರ, ಕಬಡ್ಡಿ ಪಂದ್ಯ ತಪ್ಪಬಾರದು ಅಂತ ಅವನೇ ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದು ದಿನಕ್ಕೆ ಮೂರು ನುಂಗಿದ್ದ. ಜ್ವರ ಇಳಿಯಿತು, ಗುಣವಾಯಿತು ಅಂದುಕೊಂಡ. ನಾಲ್ಕನೇ ದಿನ ಒಸಡಿನಲ್ಲಿ ರಕ್ತ, ಮಲ ಕಪ್ಪು. ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹತ್ತು ದಿನ ಇದ್ದು ಬಂದ, ಬದುಕಿದ. ಅವರಮ್ಮ ಆಮೇಲೆ ಕಿಟಕಿ ಹತ್ತಿರ ಬಂದು, "ಅಕ್ಕಾ, ನೋವಿನ ಮಾತ್ರೆಯಿಂದ ರಕ್ತ ಬರುತ್ತೆ ಅಂತ ನಮಗ್ಯಾರೂ ಹೇಳಿರಲಿಲ್ಲವಲ್ಲ" ಅಂದಳು. ಅವಳ ಮಾತು ನಿಜ, ಯಾರೂ ಹೇಳಿರಲಿಲ್ಲ. ಅದಕ್ಕೇ ಇವತ್ತು ಹೇಳುತ್ತಿದ್ದೇನೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಟ್ಟಮೇಲೆ ಹೊಟ್ಟೆನೋವು, ಬಿಡದ ವಾಂತಿ, ಮಂಪರು, ಎಲ್ಲಾದರೂ ರಕ್ತ ಕಂಡರೆ ಒಂದು ಗಂಟೆಯೂ ತಡ ಮಾಡಬೇಡಿ. ಏನು ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ.

ಆಸ್ಪಿರಿನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಜ್ಜನಿಗೆ ಹೃದಯಕ್ಕೆ ಅಂತ ಕೊಟ್ಟಿರುವ ಆಸ್ಪಿರಿನ್ ಅನ್ನು ಸಿಡುಬಿನಂಥ ನೀರುಗುಳ್ಳೆ ಎದ್ದ ಮಗುವಿಗೆ, ಫ್ಲೂ ಜ್ವರದ ಮಗುವಿಗೆ ಕೊಡಬಾರದು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಅಪರೂಪಕ್ಕೆ ಅದು ಮೆದುಳು ಮತ್ತು ಯಕೃತ್ತಿಗೆ ಏಟು ಕೊಡುತ್ತದೆ, ರೇಯ್ ಸಿಂಡ್ರೋಮ್ ಅನ್ನುತ್ತಾರೆ. ನಿಮೆಸುಲೈಡ್ ಅನ್ನುವ ಜ್ವರದ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಮನೆಯಲ್ಲಿ ತಂಗಿ ತಮ್ಮಂದಿರಿಗೆ ಔಷಧಿ ಕೊಡುವ ಕೆಲಸ ನಿಮ್ಮ ಮೇಲೇ ಬೀಳುವುದರಿಂದ ಇದು ನಿಮಗೂ ಗೊತ್ತಿರಲಿ.

ಈಗ ಆಂಟಿಬಯೋಟಿಕ್. ನೀವು ವಿಜ್ಞಾನದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಹೆಸರು ಓದಿದ್ದೀರಿ. 1928ರಲ್ಲಿ ಪೆನಿಸಿಲಿನ್ ಕಂಡವನು. ಪರೀಕ್ಷೆಗೆ ಅಷ್ಟು ಸಾಕು. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. 1945ರಲ್ಲಿ ನೊಬೆಲ್ ಬಹುಮಾನ ತೆಗೆದುಕೊಂಡಾಗ ಮಾಡಿದ ಉಪನ್ಯಾಸದಲ್ಲಿ ಅವನು ಒಂದು ಕಲ್ಪಿತ ಪ್ರಸಂಗ ಹೇಳಿದ. ಗಂಟಲು ನೋವು ಬಂದ ಒಬ್ಬ ಗಂಡಸು ಅಂಗಡಿಯಿಂದ ತಾನೇ ಪೆನಿಸಿಲಿನ್ ತಂದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟು ತೆಗೆದುಕೊಳ್ಳುವುದಿಲ್ಲ, ಅದು ಎದುರಿಸಿ ನಿಲ್ಲುವುದನ್ನು ಕಲಿಯುವಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಕಲಿತ ರೋಗಾಣು ಹೆಂಡತಿಗೆ ಅಂಟುತ್ತದೆ. ಅವಳಿಗೆ ಪೆನಿಸಿಲಿನ್ ಕೊಟ್ಟರೂ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಔಷಧಿ ಕಂಡುಹಿಡಿದವನೇ, ಬಹುಮಾನ ಪಡೆದ ಸಂದರ್ಭದಲ್ಲೇ, ಅಂಗಡಿಯಿಂದ ಸ್ವಂತವಾಗಿ ಕೊಳ್ಳಬೇಡಿ ಅಂತ ಎಚ್ಚರಿಸಿದ್ದ. ಎಂಬತ್ತು ವರ್ಷವಾಯಿತು. ನಮ್ಮೂರ ಮೆಡಿಕಲ್ ಅಂಗಡಿಯ ಮುಂದೆ ಸಂಜೆ ಹತ್ತು ನಿಮಿಷ ನಿಂತುಕೊಳ್ಳಿ, ಆ ಗಂಡಸು ಬರುತ್ತಾನೆ: "ಅಣ್ಣಾ, ಗಂಟಲು ನೋವು, ಒಂದೆರಡು ಸ್ಟ್ರಾಂಗ್ ಮಾತ್ರೆ ಕೊಡು."

ನೆಗಡಿ, ಫ್ಲೂ ಇವೆಲ್ಲ ವೈರಸ್ಸಿನ ಕಾಯಿಲೆಗಳು. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಅಜಿತ್ರೋಮೈಸಿನ್‌ಗೂ ನೆಗಡಿಗೂ ಸಂಬಂಧವೇ ಇಲ್ಲ. ಹಾಗಾದರೆ "ನನಗೆ ಎರಡೇ ಮಾತ್ರೆಗೆ ಬಿಟ್ಟುಹೋಯಿತು" ಅನ್ನುತ್ತಾರಲ್ಲ? ನೆಗಡಿ ಐದಾರು ದಿನಕ್ಕೆ ತಾನೇ ಹೋಗುವ ಕಾಯಿಲೆ. ನಾಲ್ಕನೇ ದಿನ ಮಾತ್ರೆ ನುಂಗಿದರೆ ಆರನೇ ದಿನ ಹೋಗುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಕಾಮಾಲೆಗೆ ಸೊಪ್ಪಿನ ರಸ ಕೊಡುವವರಿಗೂ ಹೆಸರು ಬರುವುದು ಹೀಗೇ. ನೀರಿನಿಂದ ಬರುವ ಕಾಮಾಲೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ವಾಸಿಯಾಗದ ಜಾತಿಯ ಕಾಮಾಲೆಯೂ ಇದೆ, ಅದನ್ನು ಹೇಳುವುದು ರಕ್ತಪರೀಕ್ಷೆ, ಸೊಪ್ಪಲ್ಲ. ನಾನು ಕಷಾಯದ ವಿರೋಧಿಯಲ್ಲ. ಶುಂಠಿ, ಮೆಣಸು, ಜೀರಿಗೆ ಕುದಿಸಿ ಕುಡಿಯಿರಿ, ಗಂಟಲಿಗೆ ಉಪ್ಪುನೀರು ಮುಕ್ಕಳಿಸಿ, ನೆಗಡಿಗೆ ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆದರೆ ಗಿಡದ ಹಾಲು ಕಣ್ಣಿಗೆ ಬಿಡುವವರನ್ನೂ ನೋಡಿದ್ದೇನೆ. ಅದು ಬೇಡ.

ಇದಕ್ಕೆ ತಿರುಗಿಸಿ ಇನ್ನೊಂದು ಮಾತು. ನಿಮ್ಮ ವಯಸ್ಸಿನಲ್ಲಿ ಬರುವ ಎಲ್ಲ ಗಂಟಲು ನೋವೂ ಸಾದಾ ಅಲ್ಲ. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವನ್ನು ಅರ್ಧಕ್ಕೆ ಬಿಟ್ಟರೆ, ಕೆಲವು ಮಕ್ಕಳಲ್ಲಿ ವಾರಗಳ ನಂತರ ಕೀಲು ಊದಿ, ಕೊನೆಗೆ ಹೃದಯದ ಕವಾಟವೇ ಹಾಳಾಗುತ್ತದೆ. ರುಮ್ಯಾಟಿಕ್ ಜ್ವರ ಅಂತ ಅದಕ್ಕೆ ಹೆಸರು, ಹೆಚ್ಚಾಗಿ ಬರುವುದು 5ರಿಂದ 15 ವರ್ಷದವರಿಗೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳಲು ವರ್ಷಗಟ್ಟಲೆ ಬರುತ್ತಿದ್ದ ಮಕ್ಕಳನ್ನು ನಾನು ಬಲ್ಲೆ. ಕೆಮ್ಮು, ಮೂಗು ಸೋರುವುದು ಏನೂ ಇಲ್ಲದೆ, ಜೋರು ಜ್ವರ, ನುಂಗಲಾರದಷ್ಟು ಗಂಟಲು ನೋವು, ಕತ್ತಿನಲ್ಲಿ ಗೆಡ್ಡೆ ಇದ್ದರೆ ಡಾಕ್ಟರಿಗೆ ತೋರಿಸಿ. ಅವರು ಹತ್ತು ದಿನ ಅಂದರೆ ಹತ್ತು ದಿನವೂ ನುಂಗಿ. ಮೂರನೇ ದಿನ ನೋವು ಹೋಯಿತು ಅಂತ ಉಳಿದದ್ದನ್ನು ಟಿವಿ ಮೇಲಿಟ್ಟು, ಮುಂದಿನ ತಿಂಗಳು ತಂಗಿಗೆ ಕೊಡುವುದೇ ಫ್ಲೆಮಿಂಗ್ ಹೇಳಿದ ಕಥೆ.

ಆಂಟಿಬಯೋಟಿಕ್ ಗುರುತಿಸುವುದು ಹೇಗೆ? ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಈ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಮಾಡಿತು. ಆಂಟಿಬಯೋಟಿಕ್ ಮಾತ್ರವಲ್ಲ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಬೇರೆ ಔಷಧಿಗಳ ಮೇಲೂ ಅದು ಇರುತ್ತದೆ. ಕಾನೂನು ಹಳೆಯದು, 1940ರ ಔಷಧ ಕಾಯಿದೆ. ಅದರ ನಿಯಮಗಳಲ್ಲಿ ಷೆಡ್ಯೂಲ್ ಎಚ್ ಅಂತ ಒಂದು ಪಟ್ಟಿ. 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1 ಅಂತ ಇನ್ನೂ ಬಿಗಿಯಾದ ಪಟ್ಟಿ ಬಂತು. ಕೆಲವು ಆಂಟಿಬಯೋಟಿಕ್, ಕ್ಷಯದ ಔಷಧಿ, ನಿದ್ದೆ ಮಾತ್ರೆಯಂಥವು ಸೇರಿ 46 ಔಷಧಿ. ಅವನ್ನು ಮಾರಿದಾಗ ಯಾರು ಬರೆದರು, ಯಾರಿಗೆ ಕೊಟ್ಟೆ ಅಂತ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಮ್ಮೂರ ಮೆಡಿಕಲ್ ಅಂಗಡಿಯ ಹುಡುಗರು ಹಿಂದೆ ಕೂತಿದ್ದಾರೆ, ನನ್ನ ಮೇಲೆ ಸಿಟ್ಟಾಗಬೇಡಿ ತಮ್ಮಂದಿರೇ. ನೀವು ಕೊಡದಿದ್ದರೆ ಮುಂದಿನ ಅಂಗಡಿಯವನು ಕೊಡುತ್ತಾನೆ ಅನ್ನುವ ಕಷ್ಟ ನನಗೆ ಗೊತ್ತು. ಆದರೆ ಯೂನಿಫಾರಂ ಹಾಕಿಕೊಂಡು ಬಂದ ಮಗುವಿಗೆ ಕೆಂಪು ಗೆರೆಯ ಮಾತ್ರೆ ಕೊಡುವುದಿಲ್ಲ ಅನ್ನುವಷ್ಟನ್ನು ಎಲ್ಲ ಅಂಗಡಿಯವರೂ ಸೇರಿ ಮಾಡಬಹುದು. ಕಿರಾಣಿ ಅಂಗಡಿಯವರಿಗೂ ಒಂದು ಮಾತು. ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಹುಳಿತೇಗಿನ ಮಾತ್ರೆ, ನೋವಿನ ಮುಲಾಮಿನಂಥ ಕೆಲವು ಮನೆಮದ್ದನ್ನು ಲೈಸೆನ್ಸ್ ಇಲ್ಲದೆ ಮಾರಲು ನಿಯಮ ಬಿಟ್ಟಿದೆ, ಅದೂ ಕಂಪನಿಯ ಪ್ಯಾಕು ಒಡೆಯದೆ. ಬೀಡಿ ಡಬ್ಬದ ಪಕ್ಕದ ಡಬ್ಬದಲ್ಲಿ ಬಿಡಿ ಮಾತ್ರೆ ಇಟ್ಟು ಮಾರಲು ಬಿಟ್ಟಿಲ್ಲ.

ಬಿಡಿ ಮಾತ್ರೆ ಅಂದಾಗ ನೆನಪಾಯಿತು. "ಎರಡು ಕತ್ತರಿಸಿ ಕೊಡಿ" ಅಂತ ಕೇಳುತ್ತೇವಲ್ಲ, ದುಡ್ಡಿಲ್ಲದವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ ಸ್ಟ್ರಿಪ್ಪಿನ ಒಂದು ತುದಿಯಲ್ಲೇ ಅಚ್ಚಾಗಿರುತ್ತದೆ. ಇನ್ನೊಂದು ತುದಿಯ ಎರಡು ಮಾತ್ರೆ ನಿಮ್ಮ ಕೈಗೆ ಬಂದರೆ ಅದು ಹೆಸರಿಲ್ಲದ, ವಯಸ್ಸಿಲ್ಲದ ಮಾತ್ರೆ. ಅಂಗಡಿಯವರನ್ನೇ ಕೇಳಿ, ಹೆಸರು ಮತ್ತು ದಿನಾಂಕ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆಯಲಾರೆ ಅಂದವರ ಹತ್ತಿರ ಕೊಳ್ಳಬೇಡಿ.

ಇನ್ನು ನಿಮ್ಮ ವಯಸ್ಸಿನವರೇ ಹೆಚ್ಚಾಗಿ ಮಾಡುವ ಕೆಲಸಕ್ಕೆ ಬರುತ್ತೇನೆ. ಮುಖಕ್ಕೆ ಹಚ್ಚುವ ಕ್ರೀಮು. ಹುಡುಗಿಯರು ನಗುತ್ತಿದ್ದಾರೆ, ಹುಡುಗರೇ, ನೀವೇನೂ ಕಡಿಮೆ ಇಲ್ಲ. ಬೆಳ್ಳಗಾಗಲು, ಮೊಡವೆ ಹೋಗಲು ಅಂತ ಗೆಳತಿ ಹೇಳಿದ ಟ್ಯೂಬು ತರುತ್ತೀರಿ. ಅದರಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವುಗಳಲ್ಲಿ ಒಂದು ಹೆಸರಿದ್ದರೆ ಅದು ಸ್ಟೀರಾಯ್ಡ್. ಇಸುಬಿನಂಥ ಚರ್ಮರೋಗಕ್ಕೆ, ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚುವ ಔಷಧಿ. ಮುಖಕ್ಕೆ ಹಚ್ಚಿದ ಮೊದಲ ಎರಡು ವಾರ ಕನ್ನಡಿ ನೋಡಿದರೆ ಖುಷಿಯಾಗುತ್ತದೆ, ಮುಖ ಹೊಳೆಯುತ್ತದೆ. ಮೋಸ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕೆಂಪು ಎಳೆಗಳಾಗಿ ಕಾಣುತ್ತವೆ, ಮೊಡವೆ ಇನ್ನೂ ಹೆಚ್ಚುತ್ತದೆ, ಹುಡುಗಿಯರ ಮುಖದಲ್ಲಿ ಕೂದಲು ಬರುತ್ತದೆ. ನಿಲ್ಲಿಸೋಣ ಅಂದರೆ ಎರಡು ದಿನಕ್ಕೆ ಮುಖ ಉರಿದು ಕೆಂಡವಾಗುತ್ತದೆ, ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ಹೀಗೆ ಸಿಕ್ಕಿಹಾಕಿಕೊಂಡವರು ಚರ್ಮದ ಡಾಕ್ಟರ ಹತ್ತಿರ ನಾಚಿಕೆ ಇಲ್ಲದೆ ಹೋಗಿ, ಬಿಡಿಸುವ ದಾರಿ ಇದೆ. 2018ರಲ್ಲಿ ಈ ಸ್ಟೀರಾಯ್ಡ್ ಕ್ರೀಮುಗಳನ್ನೂ ಚೀಟಿ ಬೇಕಾದ ಪಟ್ಟಿಗೆ ಸೇರಿಸಿದರು. ಮೈಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಬಿಸಿಲಿಗೆ ನಮ್ಮ ಬಣ್ಣವೇ ಸರಿ. ಮದುವೆ ಮಾತುಕತೆಯಲ್ಲಿ ಬಣ್ಣ ಕೇಳುವ ಹಿರಿಯರು ಇಲ್ಲಿದ್ದರೆ ಅವರಿಗೂ ಸೇರಿಸಿ ಹೇಳಿದ್ದು.

ಹುಳುಕಡ್ಡಿಗೂ ಇದೇ ಕಥೆ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಉಂಗುರದ ಹಾಗೆ ಎದ್ದು ಕೆರೆಯುತ್ತದಲ್ಲ, ಅದು ಶಿಲೀಂಧ್ರ, ಬೂಷ್ಟಿನ ಜಾತಿ. ಅಂಗಡಿಯಲ್ಲಿ ಕೊಡುವ ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆರೆತ ಅವತ್ತೇ ನಿಲ್ಲುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. ಕೊನೆಗೆ ಮೈಯೆಲ್ಲ ಆಗಿ, ಉಂಗುರದ ಆಕಾರವೂ ಅಳಿಸಿಹೋಗಿ, ಡಾಕ್ಟರಿಗೂ ಗುರುತಿಸಲು ಕಷ್ಟವಾಗುತ್ತದೆ. ಹಾಸ್ಟೆಲ್ಲಿನ ಮಕ್ಕಳೇ, ಟವೆಲು ಬೇರೆ ಬೇರೆ ಇಟ್ಟುಕೊಳ್ಳಿ, ಒದ್ದೆ ಚಡ್ಡಿ ಹಾಕಿಕೊಳ್ಳಬೇಡಿ.

ಕಣ್ಣಿನ ಹನಿಯೂ ಹಾಗೆಯೇ. 2023ರ ಮಳೆಗಾಲದಲ್ಲಿ ಊರೂರಿಗೇ ಕಣ್ಣುಬೇನೆ ಬಂದಿತ್ತು, ನೆನಪಿರಬಹುದು. ಸ್ಟೀರಾಯ್ಡ್ ಸೇರಿದ ಹನಿಯನ್ನು ಕೇಳದೆ ಬಿಟ್ಟುಕೊಂಡರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಕರಿಗುಡ್ಡೆಯಲ್ಲಿ ಹುಣ್ಣಿದ್ದರೆ ಅದು ಕೆಡುತ್ತದೆ. ತೆರೆದ ಬಾಟಲಿಯನ್ನು ಒಂದು ತಿಂಗಳ ಮೇಲೆ ಇಡಬೇಡಿ.

ಹುಡುಗಿಯರಿಗೆ ಎರಡು ಮಾತು. ಹುಡುಗರು ಎದ್ದು ಹೋಗಬೇಕಿಲ್ಲ, ಕೇಳಿಸಿಕೊಳ್ಳಲಿ, ಅವರಿಗೂ ಅಕ್ಕತಂಗಿಯರಿದ್ದಾರೆ. ಮುಟ್ಟಿನ ಹೊಟ್ಟೆನೋವಿಗೆ ಮೆಫೆನಾಮಿಕ್ ಆಸಿಡ್ ಇರುವ ಮಾತ್ರೆ ಪ್ರತಿ ತಿಂಗಳೂ ತೆಗೆದುಕೊಳ್ಳುವವರಿದ್ದೀರಿ. 2023ರ ಕೊನೆಯಲ್ಲಿ ದೇಶದ ಔಷಧ ಗುಣಮಟ್ಟ ನೋಡುವ ಫಾರ್ಮಕೋಪಿಯಾ ಆಯೋಗ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಕೆಲವರಲ್ಲಿ ವಾರಗಳ ನಂತರ ಮೈಯೆಲ್ಲ ಗಂಧೆ, ಜ್ವರ, ಗ್ರಂಥಿಗಳ ಊತ ಬಂದು ಒಳಗಿನ ಅಂಗಗಳಿಗೂ ತೊಂದರೆಯಾಗುತ್ತದೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ, ಒಂದೆರಡು ದಿನಕ್ಕಿಂತ ಹೆಚ್ಚು ಬೇಡ, ಮೈಮೇಲೆ ಗಂಧೆ ಎದ್ದರೆ ನಿಲ್ಲಿಸಿ ತೋರಿಸಿ. ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ನೋವಿದ್ದರೆ ಅದನ್ನು "ಹೆಣ್ಣಿನ ಹಣೆಬರಹ" ಅಂತ ಬಿಡಬೇಡಿ, ಪರೀಕ್ಷೆ ಮಾಡಿಸಿ.

ಎರಡನೆಯದು, ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ. ಜಾತ್ರೆ, ಗೌರಿ ಹಬ್ಬ, ಮನೆಯಲ್ಲಿ ಸತ್ಯನಾರಾಯಣ ಪೂಜೆ, ಮದುವೆ. ಎಷ್ಟೋ ಸಲ ಮಗಳು ಕೇಳುವುದಿಲ್ಲ, ಅಮ್ಮನೇ ತರಿಸುತ್ತಾಳೆ. ಅದು ನೊರೆಥಿಸ್ಟೆರೋನ್ ಅನ್ನುವ ಹಾರ್ಮೋನು. ಹದಿಮೂರು ಹದಿನಾಲ್ಕರ ಹುಡುಗಿಗೆ ಋತುಚಕ್ರವೇ ಇನ್ನೂ ಒಂದು ಲಯಕ್ಕೆ ಬಂದಿರುವುದಿಲ್ಲ. ಕೆಲವರಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಇದೆ, ಯಾರಲ್ಲಿ ಅಂತ ಮೆಡಿಕಲ್ ಅಂಗಡಿಯವರು ಮುಖ ನೋಡಿ ಹೇಳಲಾರರು. ತಾಯಂದಿರೇ, ದೇವರ ವಿಷಯದಲ್ಲಿ ನಾನು ಮಾತಾಡುವವಳಲ್ಲ. ಒಂದು ಹಬ್ಬದಲ್ಲಿ ಮಗಳು ಒಳಗೆ ಬರದಿದ್ದರೆ ಹಬ್ಬಕ್ಕೆ ಏನೂ ಆಗುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಬೇಕೇ ಬೇಕು ಅನ್ನುವುದಾದರೆ ಮಗಳನ್ನು ಕರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ.

ದಪ್ಪ ಆಗುವ ಮಾತ್ರೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಅಂಥ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಇರುವುದುಂಟು. ಕೆನ್ನೆ ಊದಿಕೊಳ್ಳುವುದು ಮಾಂಸದಿಂದಲ್ಲ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಿದರೂ ಅಪಾಯ, ದೇಹ ತನ್ನ ಸ್ಟೀರಾಯ್ಡ್ ಮಾಡಿಕೊಳ್ಳುವುದನ್ನೇ ಮರೆತಿರುತ್ತದೆ. ತಿನ್ನುತ್ತಿರುವವರು ಇದ್ದರೆ ಡಾಕ್ಟರಿಗೆ ಹೇಳಿ, ಅವರು ನಿಧಾನಕ್ಕೆ ಇಳಿಸುತ್ತಾರೆ. ದಪ್ಪ ಆಗಲು ಕಡಲೆಕಾಯಿ, ಮೊಟ್ಟೆ, ಬೆಳಿಗ್ಗೆ ತಪ್ಪದೆ ತಿಂಡಿ ಇವಕ್ಕಿಂತ ಒಳ್ಳೆಯ ಮಾತ್ರೆ ನಾನು ಕಂಡಿಲ್ಲ.

ಬೇಡದ ಮಾತ್ರೆಗಳ ಬಗ್ಗೆ ಇಷ್ಟು ಹೇಳಿದೆ. ಬೇಕಾದ ಮಾತ್ರೆಯ ವಿಷಯದಲ್ಲಿ ನಿಮ್ಮ ಮೇಲೆ ನನಗೊಂದು ತಕರಾರಿದೆ. ವಾರಕ್ಕೊಂದು ನೀಲಿ ಮಾತ್ರೆ ಶಾಲೆಯಲ್ಲೇ ಕೊಡುತ್ತಾರೆ, ಕಬ್ಬಿಣಾಂಶದ್ದು. ಕಿಟಕಿಯ ಹಿಂದಿನ ಗಿಡಗಳ ಬುಡದಲ್ಲಿ ಎಷ್ಟು ನೀಲಿ ಮಾತ್ರೆ ಬಿದ್ದಿವೆ ಅಂತ ಇವತ್ತು ಬೆಳಿಗ್ಗೆ ನೋಡಿಕೊಂಡೇ ಬಂದೆ. ಆ ಗಿಡಗಳಿಗೆ ರಕ್ತಹೀನತೆ ಇಲ್ಲ ಮಕ್ಕಳೇ, ನಿಮಗಿದೆ. ಯಾರಿಗೂ ಹೇಳದೆ ಅಂಗಡಿ ಮಾತ್ರೆ ನುಂಗುತ್ತೀರಿ, ಮೇಷ್ಟ್ರು ಕೈಯಾರೆ ಕೊಟ್ಟದ್ದನ್ನು ಎಸೆಯುತ್ತೀರಿ. ಊಟವಾದ ಮೇಲೆ ನುಂಗಿ, ವಾಕರಿಕೆ ಕಡಿಮೆಯಾಗುತ್ತದೆ. ಮಲ ಕಪ್ಪಗಾದರೆ ಗಾಬರಿ ಬೇಡ, ಕಬ್ಬಿಣದಿಂದ ಹಾಗಾಗುತ್ತದೆ. ಜಂತುಹುಳದ ಮಾತ್ರೆಯನ್ನು ಅಗಿದು ನುಂಗಿ.

ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದು ಏನು? 500ರ ಪ್ಯಾರಾಸಿಟಮಾಲ್ ಒಂದು ಸ್ಟ್ರಿಪ್ಪು, ಜ್ವರ ನೋಡುವ ಥರ್ಮಾಮೀಟರು, ಗಾಯ ತೊಳೆಯಲು ಸೋಪು ಮತ್ತು ಶುದ್ಧ ಬಟ್ಟೆ, ನಾಲ್ಕು ಪೊಟ್ಟಣ ಒ.ಆರ್.ಎಸ್. ಈ ಒ.ಆರ್.ಎಸ್. ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು, ಡ್ರಿಪ್ಪು ಮುಗಿದಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡಮೇಲೆ, 2023ರಲ್ಲಿ ಪದ್ಮವಿಭೂಷಣ ಕೊಟ್ಟರು. ಮನೆಯವರೇ ಕೊಡಬಹುದಾದ ಔಷಧಿ ಅಂದರೆ ಇದು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಬೇಡಿ. ಅಂಗಡಿಯಲ್ಲಿ ಸ್ಟ್ರಾ ಹಾಕಿ ಕುಡಿಯುವ ಸಿಹಿ ಪಾನೀಯದ ಡಬ್ಬ ಒ.ಆರ್.ಎಸ್. ಅಲ್ಲ. ಭೇದಿ ನಿಲ್ಲಿಸುವ ಮಾತ್ರೆಗೆ ಮಕ್ಕಳು ಕೈ ಹಾಕುವುದು ಬೇಡ, ಭೇದಿಯಲ್ಲಿ ರಕ್ತ ಇದ್ದರೆ ಆಸ್ಪತ್ರೆ.

ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಸ್ಟಾಫ್ ರೂಮಿನ ಮೇಜಿನ ಖಾನೆಯಲ್ಲಿ ನೀವು ಮಾತ್ರೆ ಇಟ್ಟಿರುತ್ತೀರಿ, ತಲೆನೋವು ಅಂದ ಮಗುವಿಗೆ ಅಕ್ಕರೆಯಿಂದ ಕೊಡುತ್ತೀರಿ. ಕೊಡುವ ಮುಂಚೆ, ಬೆಳಿಗ್ಗೆ ಮನೆಯಲ್ಲಿ ಏನಾದರೂ ನುಂಗಿದೆಯಾ, ತಿಂಡಿ ತಿಂದೆಯಾ, ಹಿಂದೆ ಯಾವ ಮಾತ್ರೆಗಾದರೂ ಮೈಮೇಲೆ ಗಂಧೆ ಎದ್ದಿತ್ತಾ ಅಂತ ಮೂರು ಮಾತು ಕೇಳಿ. ಯಾರಿಗೆ, ಯಾವಾಗ, ಏನು ಕೊಟ್ಟಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅರ್ಧ ಮಕ್ಕಳ ತಲೆನೋವು ಖಾಲಿ ಹೊಟ್ಟೆಯದ್ದೇ ಇರುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ, ಪ್ರಶ್ನೆ ಇದ್ದರೆ ಕೇಳಿ.

(ಒಂಬತ್ತನೇ ತರಗತಿಯ ವಿದ್ಯಾರ್ಥಿ: "ಮೇಡಂ, ಮೊಬೈಲಲ್ಲಿ ಹುಡುಕಿದ್ರೆ ಯಾವ ಕಾಯಿಲೆಗೆ ಯಾವ ಮಾತ್ರೆ ಅಂತ ಎಲ್ಲಾ ಬರುತ್ತೆ. ಅದನ್ನ ನೋಡಿ ತಗೋಬಾರದಾ?")

ಮಾತ್ರೆಯ ಹೆಸರು ಗೊತ್ತಿದ್ದು, ಅದೇನು ಅಂತ ತಿಳಿದುಕೊಳ್ಳಲು ಹುಡುಕು, ಒಳ್ಳೆಯದೇ. ಕಾಯಿಲೆ ಯಾವುದು ಅಂತ ಹುಡುಕಬೇಡ. ಹೊಟ್ಟೆನೋವು ಅಂತ ಹಾಕಿದರೆ ಗ್ಯಾಸಿನಿಂದ ಹಿಡಿದು ಕ್ಯಾನ್ಸರಿನವರೆಗೆ ಬರುತ್ತದೆ. ಬಲಗಡೆ ಕೆಳಹೊಟ್ಟೆ ಒತ್ತಿ ನೋಡಲು ಮೊಬೈಲಿಗೆ ಕೈಯಿಲ್ಲ. ಅಪೆಂಡಿಕ್ಸ್ ಊದಿರುವಾಗ ನೋವಿನ ಮಾತ್ರೆ ನುಂಗಿ ಮಲಗಿದರೆ ಅದು ಒಳಗೆ ಒಡೆಯುವವರೆಗೂ ತಿಳಿಯದೆ ಹೋಗಬಹುದು. ಕೇಳಬೇಕು ಅನ್ನಿಸಿದರೆ 104ಕ್ಕೆ ಫೋನ್ ಮಾಡು, ಅದು ಸರ್ಕಾರದ ಆರೋಗ್ಯ ಸಹಾಯವಾಣಿ. ತುರ್ತಿಗೆ 108.

(ಹತ್ತನೇ ತರಗತಿಯ ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ: "ಪರೀಕ್ಷೆ ಹತ್ತಿರ ಬಂದರೆ ನಿದ್ದೆ ಬರುವುದಿಲ್ಲ. ಅಜ್ಜಿಯ ನಿದ್ದೆ ಮಾತ್ರೆಯಲ್ಲಿ ಅರ್ಧ ತೆಗೆದುಕೊಳ್ಳಬಹುದಾ?")

ಬೇಡಮ್ಮ. ಅಜ್ಜಿಗೆ ಕೊಟ್ಟದ್ದು ಅಜ್ಜಿಯ ಮೆದುಳಿಗೆ ಲೆಕ್ಕ ಹಾಕಿ ಕೊಟ್ಟದ್ದು. ಆ ಮಾತ್ರೆ ರೂಢಿ ಹಿಡಿಸುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದನ್ನೂ ಕೆಡಿಸುತ್ತದೆ. ನೆಗಡಿ ಮಾತ್ರೆಯಿಂದಲೂ ಮಂಪರು ಬರುತ್ತದೆ, ಪರೀಕ್ಷೆಯ ದಿನ ಬೆಳಿಗ್ಗೆ ಅದೂ ಬೇಡ. ನಿದ್ದೆಗೆಡಲು ರಾತ್ರಿಯೆಲ್ಲ ಕಾಫಿ ಕುಡಿಯುತ್ತಿದ್ದರೆ ಮೊದಲು ಅದನ್ನು ಸಂಜೆಯ ಹೊತ್ತಿಗೆ ನಿಲ್ಲಿಸು. ಮನಸ್ಸು ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನಿಮ್ಮ ವಯಸ್ಸಿನವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಚೀಟಿ ಬರೆದವಳು ಯಾರು ಅಂತ ನಾನು ಕೇಳುವುದಿಲ್ಲ, ಆದರೆ ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಕೂತಿರುತ್ತೇನೆ, ಬಂದು ಮಾತಾಡು.

ಕೊನೆಗೊಂದು ಸೂಚನೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ ನಾನು ಇಲ್ಲೇ ಇರುತ್ತೇನೆ, ಮುಖ್ಯೋಪಾಧ್ಯಾಯರು ಎಂಟನೇ ತರಗತಿ ಕೊಠಡಿ ಕೊಡುತ್ತೇನೆ ಅಂದಿದ್ದಾರೆ. ಮನೆಯಲ್ಲಿ ಟಿವಿ ಮೇಲೆ, ಗೂಡಿನಲ್ಲಿ, ಅಕ್ಕಿ ಡಬ್ಬದ ಹಿಂದೆ ಇರುವ ಮಾತ್ರೆ, ಟ್ಯೂಬು, ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅಪ್ಪನೋ ಅಮ್ಮನೋ ಬರಲಿ. ಚಿಕ್ಕ ಮಕ್ಕಳ ಕೈಯಲ್ಲಿ ಕಳಿಸಬೇಡಿ. ಯಾವುದು ಯಾವುದಕ್ಕೆ, ಯಾವುದರ ಅವಧಿ ಮುಗಿದಿದೆ ಅಂತ ನೋಡಿ ಹೇಳುತ್ತೇನೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ದಿನಾ ತೆಗೆದುಕೊಳ್ಳುವವರು ಅವತ್ತಿನ ಮಾತ್ರೆ ಮನೆಯಲ್ಲೇ ನುಂಗಿ ಬನ್ನಿ, ಡಾಕ್ಟರ ಚೀಟಿಯನ್ನೂ ಜೊತೆಗೆ ತನ್ನಿ.